ಹುಡುಗನನ್ನು ಕೆಲಸಕ್ಕೆ ಹಚ್ಚುವ ಮೊದಲು: ಕಲಬುರಗಿ ಸೀಮೆಯ ಮಾಲೀಕರಿಗೆ ಅಪ್ರೆಂಟಿಸ್ ಆಯ್ಕೆಯ ಲೆಕ್ಕ

ಕಪನೂರು ಕೈಗಾರಿಕಾ ಪ್ರದೇಶದಲ್ಲಿ ಗ್ರಿಲ್, ಶೆಟರ್, ಟ್ರ್ಯಾಕ್ಟರ್ ಟ್ರಾಲಿ ಮಾಡುವ ವರ್ಕ್‌ಶಾಪಿನ ಮಾಲೀಕರೊಬ್ಬರು ಹೋದ ತಿಂಗಳು ನನ್ನ ಮುಂದೆ ಎರಡು ಅರ್ಜಿ ಇಟ್ಟರು. ಒಂದು ಐಟಿಐ ವೆಲ್ಡರ್ ಮುಗಿಸಿದ ಹುಡುಗನದು, ಇನ್ನೊಂದು ಡಿಪ್ಲೊಮಾ ಮೆಕ್ಯಾನಿಕಲ್ ಓದಿದವನದು. ಮೂರನೆಯವನ ಅರ್ಜಿ ಇರಲಿಲ್ಲ, ಅವನೇ ಇದ್ದ. ಅಂಗಡಿಯ ಹಿರಿಯ ಮಿಸ್ತ್ರಿಯ ಅಕ್ಕನ ಮಗ, ಹತ್ತನೇ ಫೇಲ್, ಆಗಲೇ ಬಾಗಿಲ ಹತ್ತಿರ ಕಬ್ಬಿಣದ ಚೂರು ಗುಡಿಸುತ್ತಿದ್ದ.

"ಯಾರಿಗ್ ಇಟ್ಕೋಬೇಕ್ರಿ? ಸರ್ಕಾರದ ರೊಕ್ಕ ಯಾರ ಮ್ಯಾಲ ಜಾಸ್ತಿ ಬರತದ?"

ಅಪ್ರೆಂಟಿಸ್, ಅಂದರೆ ಕೆಲಸ ಮಾಡುತ್ತ ಕಲಿಯುವವನ ತಿಂಗಳ ಭತ್ಯೆಯಲ್ಲಿ ಒಂದು ಪಾಲನ್ನು ಸರ್ಕಾರ ಕೊಡುತ್ತದೆ, ಅವರು ಕೇಳಿದ್ದು ಅದರ ಬಗ್ಗೆ. ಇದೇ ಪ್ರಶ್ನೆಯನ್ನು ದಾಲ್ ಮಿಲ್ಲಿನವರು ಕೇಳುತ್ತಾರೆ, ಬೀದರಿನ ಸರ್ವಿಸ್ ಸೆಂಟರ್‌ನವರು ಕೇಳುತ್ತಾರೆ, ಸೇಡಂ ಕಡೆಯ ದೊಡ್ಡ ಕಾರ್ಖಾನೆಗೆ ಹೊಸದಾಗಿ ಬಂದ ಎಚ್‌ಆರ್ ಹುಡುಗಿಯರೂ ಕೇಳುತ್ತಾರೆ. ಸಿಮೆಂಟ್ ಕಾರ್ಖಾನೆಯೊಂದರ ತರಬೇತಿ ವಿಭಾಗದಲ್ಲಿ ಹದಿನಾಲ್ಕು ವರ್ಷ ಕಳೆದು, ಈಗ ಸಣ್ಣ ಘಟಕಗಳ ಕಾಗದಪತ್ರ ನೋಡಿಕೊಳ್ಳುವ ನನಗೆ ಎರಡೂ ಕಡೆಯ ಸಂಕಟ ಗೊತ್ತು. ಆದರೆ ಪ್ರಶ್ನೆಯನ್ನು ಸರ್ಕಾರದ ರೊಕ್ಕದಿಂದ ಶುರು ಮಾಡಿದರೆ ಬರುವ ಉತ್ತರ ಬಹುತೇಕ ತಪ್ಪಾಗಿರುತ್ತದೆ. ಹೇಗೆ ಅಂತ ಮುಂದೆ ಅಂಕಿ ಸಮೇತ ಹೇಳುತ್ತೇನೆ.

ಮೊದಲು ಏನನ್ನು ತೂಗಬೇಕು

ಎಲ್ಲಕ್ಕಿಂತ ಮುಂಚೆ, ಕಲಿಸುವವರು ಯಾರು? ನಿಮ್ಮ ಅಂಗಡಿಯ ಮಿಸ್ತ್ರಿಗೆ ದಿನಕ್ಕೆ 800 ರೂಪಾಯಿ ಕೊಡುತ್ತೀರಿ ಅಂದುಕೊಳ್ಳಿ. ಎಂಟು ತಾಸಿನಲ್ಲಿ ಎರಡು ತಾಸು ಅವನು ಹುಡುಗನ ಹಿಂದೆ ನಿಂತರೆ ದಿನಕ್ಕೆ 200 ರೂಪಾಯಿಯ ಕೆಲಸ ನಿಂತಿತು. 26 ದಿನಕ್ಕೆ 5,200. ಇದು ಅಪ್ರೆಂಟಿಸ್ ನೋಂದಣಿಯ ಯಾವ ಸರ್ಕಾರಿ ಪೋರ್ಟಲ್ಲಿನಲ್ಲೂ ಕಾಣದ ಖರ್ಚು, ಸರ್ಕಾರ ಕೊಡುವ ಪಾಲಿನ ಮೂರು ಪಟ್ಟಿಗಿಂತ ಜಾಸ್ತಿ. ಇದನ್ನು ಒಪ್ಪಿಕೊಂಡು ಅಪ್ರೆಂಟಿಸ್ ಇಟ್ಟವನಿಗೆ ಎರಡನೇ ವರ್ಷಕ್ಕೆ ಒಬ್ಬ ಕೈಯಾಳು ಸಿಗುತ್ತಾನೆ. ಒಪ್ಪದೆ ಇಟ್ಟವನಿಗೆ ಚಹಾ ತರುವ ಹುಡುಗ ಸಿಗುತ್ತಾನೆ, ಅವನು ಆರು ತಿಂಗಳಿಗೆ ಪುಣೆ ಬಸ್ ಹತ್ತುತ್ತಾನೆ.

ಮಿಸ್ತ್ರಿಗೆ ಸಮಯ ಇದ್ದರೆ ಸಾಲದು, ಮನಸ್ಸೂ ಬೇಕು. ಇಪ್ಪತ್ತು ವರ್ಷ ಹೊಗೆ ಕುಡಿದು ಕಲಿತ ಕೆಲಸವನ್ನು ಒಂದು ವರ್ಷದಲ್ಲಿ ಯಾರಿಗೋ ಕೊಟ್ಟುಬಿಡು ಅಂದರೆ ಯಾರು ಕೊಡುತ್ತಾರೆ? "ಇಂವ ಕಲ್ತ ಮ್ಯಾಲ ನನಗ ಯಾರ್ ಕೇಳ್ತಾರ್ರಿ" ಅಂತ ಒಬ್ಬ ಟರ್ನರ್ ನನಗೆ ನೇರವಾಗಿಯೇ ಹೇಳಿದ್ದ. ಅವನದು ತಪ್ಪಲ್ಲ. ಹುಡುಗ ಸ್ವತಂತ್ರವಾಗಿ ಒಂದು ಜಾಬ್ ಮುಗಿಸಿದ ತಿಂಗಳಿನಿಂದ ಮಿಸ್ತ್ರಿಯ ಪಗಾರಕ್ಕೂ ಸ್ವಲ್ಪ ಸೇರಿಸಿ ಕೊಡುವ ಒಂದು ಮಾತು ಮೊದಲೇ ಆಗಿದ್ದರೆ ಈ ಗಂಟು ಬಿಚ್ಚುತ್ತದೆ.

ಎರಡನೆಯದು, ಎಷ್ಟು ದಿನಕ್ಕೆ ಆ ಕೈ ನಿಮಗೆ ಉಪಯೋಗಕ್ಕೆ ಬರಬೇಕು. ಮೂರನೆಯದು, ಕಲಿತ ಮೇಲೆ ನಿಲ್ಲುತ್ತಾನೋ ಇಲ್ಲವೋ. ನಮ್ಮಲ್ಲಿ ಇದು ದೊಡ್ಡ ಮಾತು. ಹೈದರಾಬಾದ್ ಇಲ್ಲಿಂದ ಒಂದು ರಾತ್ರಿಯ ದಾರಿಯೂ ಅಲ್ಲ, ಮುಂಬೈ, ಪುಣೆ, ಬೆಂಗಳೂರಿಗೆ ರೈಲಿದೆ. ನಾಲ್ಕನೆಯದು ವಯಸ್ಸು, ಸುರಕ್ಷತೆ, ಕಾಗದ. ಕೈಯಿಂದ ಹೋಗುವ ರೊಕ್ಕವನ್ನು ನಾನು ಕೊನೆಗೆ ಇಡುತ್ತೇನೆ. ಬೇಡವೆಂದಲ್ಲ. ಉಳಿದ ನಾಲ್ಕಕ್ಕೆ ಉತ್ತರ ಸಿಕ್ಕ ಮೇಲೆ ರೊಕ್ಕದ ಲೆಕ್ಕ ಹಾಕುವುದು ಸುಲಭ.

ಕಾಯ್ದೆ ಏನು ಹೇಳುತ್ತದೆ, ಚುಟುಕಾಗಿ

ಮೂಲ ಅಪ್ರೆಂಟಿಸ್ ಕಾಯ್ದೆ 1961ರದು. 2014ರಲ್ಲಿ ತಿದ್ದುಪಡಿಯಾಗಿ ಸಡಿಲವಾಯಿತು, 2019ರ ನಿಯಮಗಳಲ್ಲಿ ಇನ್ನೂ ಸಡಿಲವಾಯಿತು. ಕಂತ್ರಾಟು ಕೆಲಸಗಾರರನ್ನೂ ಸೇರಿಸಿ 30 ಅಥವಾ ಹೆಚ್ಚು ಮಂದಿ ಇರುವ ಘಟಕ ಅಪ್ರೆಂಟಿಸ್ ಇಟ್ಟುಕೊಳ್ಳಲೇಬೇಕು. 4ರಿಂದ 29 ಮಂದಿ ಇರುವವರಿಗೆ ಇದು ಇಷ್ಟದ ಮಾತು. ಮೂವರೇ ಇರುವ ಗ್ಯಾರೇಜಿಗೆ ಈ ಯೋಜನೆಯ ಬಾಗಿಲೇ ಇಲ್ಲ. ಸಂಖ್ಯೆ ಒಟ್ಟು ಮಂದಿಯ ಶೇ 2.5ರಿಂದ ಶೇ 15ರ ಒಳಗೆ ಇರಬೇಕು. 120 ಮಂದಿಯ ಕಾರ್ಖಾನೆಗೆ ಕನಿಷ್ಠ 3, ಗರಿಷ್ಠ 18. 20 ಮಂದಿಯ ದಾಲ್ ಮಿಲ್ಲಿಗೆ ಹೆಚ್ಚೆಂದರೆ 3.

ಅಪ್ರೆಂಟಿಸ್ ಅಂದರೆ ಕೆಲಸಗಾರನಲ್ಲ, ಕಲಿಯುವವನು. ಹಾಗಾಗಿ ಪಿಎಫ್, ಇಎಸ್‌ಐ ಕಟ್ಟಬೇಕಾಗಿಲ್ಲ. ತರಬೇತಿ ಮುಗಿದ ಮೇಲೆ ಕೆಲಸ ಕೊಡಲೇಬೇಕು ಅಂತಲೂ ಇಲ್ಲ, ಕರಾರಿನಲ್ಲಿ ಬರೆದುಕೊಂಡಿದ್ದರೆ ಮಾತ್ರ ಬೇರೆ. ಆದರೆ ತರಬೇತಿಯ ಸಮಯದಲ್ಲಿ ಪೆಟ್ಟಾದರೆ ಕೆಲಸಗಾರನಿಗೆ ಕೊಡುವ ಹಾಗೆಯೇ ಪರಿಹಾರ ಕೊಡಬೇಕು. ಇಎಸ್‌ಐ ಇಲ್ಲ, ಪರಿಹಾರ ಮಾತ್ರ ತಲೆಯ ಮೇಲಿದೆ: ಇದರ ಅರ್ಥ, ಹುಡುಗ ಒಳಗೆ ಕಾಲಿಡುವ ದಿನವೇ ಅವನ ಹೆಸರಿಗೆ ಅಪಘಾತ ವಿಮೆ ಮಾಡಿಸಿ. ವರ್ಷದ ಕಂತು ಒಂದು ಗ್ರೈಂಡರ್ ಚಕ್ರದ ಡಬ್ಬಿಯಷ್ಟೂ ಭಾರವಾಗುವುದಿಲ್ಲ. ಇನ್ನು ಓವರ್‌ಟೈಮ್ ಮಾಡಿಸಬೇಕಾದರೆ ಅಪ್ರೆಂಟಿಸ್‌ಶಿಪ್ ಸಲಹೆಗಾರರೆಂಬ ಸರ್ಕಾರಿ ಅಧಿಕಾರಿಯ ಅನುಮತಿ ಬೇಕು. ಸೀಸನ್ ಬಂತು ಅಂತ ರಾತ್ರಿ ಹನ್ನೊಂದರ ತನಕ ನಿಲ್ಲಿಸಿಕೊಳ್ಳುವ ಆಸೆ ಬೇಡ.

ತಿಂಗಳ ಭತ್ಯೆ, ಅಂದರೆ ಸ್ಟೈಪೆಂಡ್, 2019ರ ನಿಯಮದ ಪ್ರಕಾರ ಕನಿಷ್ಠ ಇಷ್ಟು: ಐದರಿಂದ ಒಂಬತ್ತನೇ ತರಗತಿ ಓದಿದವರಿಗೆ 5,000, ಹತ್ತನೇ ಪಾಸಾದವರಿಗೆ 6,000, ಐಟಿಐ ಅಥವಾ ಹನ್ನೆರಡನೇ ಮುಗಿಸಿದವರಿಗೆ 7,000, ಡಿಪ್ಲೊಮಾದವರಿಗೆ 8,000, ಪದವೀಧರರಿಗೆ 9,000. ಎರಡನೇ ವರ್ಷ ಶೇ 10 ಏರಿಕೆ. 2025ರ ಮೇ ತಿಂಗಳಲ್ಲಿ ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿ ಇದನ್ನು ಶೇ 36ರಷ್ಟು ಏರಿಸಬೇಕು, 6,800ರಿಂದ 12,300ರ ತನಕ ಮಾಡಬೇಕು ಅಂತ ಶಿಫಾರಸು ಮಾಡಿದೆ. ಕರಾರು ಮಾಡುವ ದಿನ ಪೋರ್ಟಲ್ಲಿನಲ್ಲಿ ಯಾವ ದರ ಇದೆಯೋ ಅದನ್ನೇ ಹಿಡಿದು ನನ್ನ ಕೆಳಗಿನ ಲೆಕ್ಕವನ್ನು ಮತ್ತೆ ಹಾಕಿಕೊಳ್ಳಿ. ಲೆಕ್ಕದ ದಾರಿ ಅದೇ ಇರುತ್ತದೆ.

ಅಗ್ಗವಾಗಿ ಕಾಣುವ ಡಿಪ್ಲೊಮಾ ಹುಡುಗ

ಈಗ ಬಂತು ನೋಡಿ ಆ ಅಂಕಿ. ಐಟಿಐ, ಹತ್ತನೇ ಪಾಸಾದ ಹುಡುಗರು ಬರುವುದು ನ್ಯಾಪ್ಸ್, ಅಂದರೆ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆಯಲ್ಲಿ. ಇದು 2016ರಲ್ಲಿ ಶುರುವಾಯಿತು. ಕೇಂದ್ರ ಸರ್ಕಾರ ಭತ್ಯೆಯ ಶೇ 25, ಹೆಚ್ಚೆಂದರೆ 1,500 ರೂಪಾಯಿ ಕೊಡುತ್ತದೆ, ಅದೂ ಈಗ ನೇರವಾಗಿ ಹುಡುಗನ ಖಾತೆಗೆ. ಡಿಪ್ಲೊಮಾ, ಪದವಿ ಮುಗಿಸಿದವರು ಬರುವುದು ನ್ಯಾಟ್ಸ್, ಅಂದರೆ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆಯಲ್ಲಿ. ಇದನ್ನು ನಮ್ಮ ಭಾಗಕ್ಕೆ ನೋಡಿಕೊಳ್ಳುವುದು ಚೆನ್ನೈನಲ್ಲಿರುವ ದಕ್ಷಿಣ ವಲಯದ ಅಪ್ರೆಂಟಿಸ್ ತರಬೇತಿ ಮಂಡಳಿ. ಇಲ್ಲಿ ಕನಿಷ್ಠ ಭತ್ಯೆಯ ಅರ್ಧ ಸರ್ಕಾರದ್ದು.

ಹಾಗಾದರೆ ಮಾಲೀಕನ ಜೇಬಿನಿಂದ ಹೋಗುವುದು: ಹತ್ತನೇ ಪಾಸಾದವನಿಗೆ 4,500. ಐಟಿಐದವನಿಗೆ 5,500. ಡಿಪ್ಲೊಮಾದವನಿಗೆ 4,000. ಪದವೀಧರನಿಗೆ 4,500.

ಹೆಚ್ಚು ಓದಿದವನು ಕಡಿಮೆಗೆ ಸಿಕ್ಕ! ಕಪನೂರಿನ ಮಾಲೀಕರ ಕಣ್ಣು ಇದನ್ನು ಕೇಳಿ ಅರಳಿತ್ತು. ಆದರೆ ಕೇಳಿ, ಡಿಪ್ಲೊಮಾ ಹುಡುಗ ಮೂರು ವರ್ಷ ಓದಿದ್ದು ಡ್ರಾಯಿಂಗ್, ಲೆಕ್ಕ, ಉತ್ಪಾದನೆಯ ಯೋಜನೆ. ಟ್ರಾಲಿಗೆ ಬೆಸುಗೆ ಹಾಕಲಿಕ್ಕೆ ಅವನನ್ನು ಕೂರಿಸಿದರೆ ಮೊದಲ ವಾರ ಬರುತ್ತಾನೆ, ಎರಡನೇ ವಾರ ಅಜ್ಜಿಗೆ ಹುಷಾರಿರುವುದಿಲ್ಲ. ಅವನಿಗೆ ಕೊಡಬೇಕಾದದ್ದು ಬೇರೆ ಕೆಲಸ: ಅಳತೆ ತಂದು ಕಂಪ್ಯೂಟರಿನಲ್ಲಿ ಡ್ರಾಯಿಂಗ್ ಮಾಡುವುದು, ಎಷ್ಟು ಆಂಗಲ್, ಎಷ್ಟು ಶೀಟು ಬೇಕೆಂದು ಲೆಕ್ಕ ಹಾಕುವುದು, ಟೆಂಡರಿಗೆ ದರ ಕಟ್ಟುವುದು, ವಾಪಸ್ ಬಂದ ಮಾಲಿನಲ್ಲಿ ಏನು ಕೆಟ್ಟಿದೆ ಅಂತ ದಾಖಲೆ ಇಡುವುದು. ಈ ಕೆಲಸಗಳು ನಿಮ್ಮಲ್ಲಿ ನಿಜವಾಗಿ ಇವೆಯೇ? ಇದ್ದರೆ 4,000ಕ್ಕೆ ಇದಕ್ಕಿಂತ ಒಳ್ಳೆಯ ವ್ಯವಹಾರ ಇಲ್ಲ. ಇಲ್ಲದಿದ್ದರೆ ಆ ವರ್ಷ ಅವನಿಗೂ ದಂಡ, ನಿಮಗೂ ದಂಡ. ಅವನ ಕಣ್ಣು ಹೇಗೂ ದೊಡ್ಡ ಕಂಪನಿಯ ಮೇಲಿರುತ್ತದೆ, ನಿಮ್ಮ ಸರ್ಟಿಫಿಕೇಟ್ ಅವನಿಗೆ ಮೆಟ್ಟಿಲು. ಅದನ್ನು ಮೊದಲೇ ಒಪ್ಪಿಕೊಂಡು ಇಟ್ಟುಕೊಂಡರೆ ಮನಸ್ತಾಪ ಇಲ್ಲ.

ಒಂದು ಸಣ್ಣ ಎಚ್ಚರಿಕೆ. ಡಿಪ್ಲೊಮಾ, ಪದವಿ ಮುಗಿಸಿದ ಎಷ್ಟೋ ಹುಡುಗರು ಯುವನಿಧಿಗೆ ಅರ್ಜಿ ಹಾಕಿರುತ್ತಾರೆ. ಅಪ್ರೆಂಟಿಸ್ ಭತ್ಯೆ ಪಡೆಯುವವರಿಗೆ ಯುವನಿಧಿ ಸಿಗುವುದಿಲ್ಲ. ಇದನ್ನು ಮೊದಲೇ ಹೇಳದಿದ್ದರೆ ಮೂರನೇ ತಿಂಗಳು ಅಪ್ಪನನ್ನು ಕರೆದುಕೊಂಡು ಬಂದು ಜಗಳ ಮಾಡುತ್ತಾರೆ.

ಐಟಿಐ ಪಾಸಾದವರು

ವರ್ಕ್‌ಶಾಪ್, ಕಾರ್ಖಾನೆ, ದೊಡ್ಡ ದಾಲ್ ಮಿಲ್ಲು, ಬಸ್ ಡಿಪೊ, ಆಸ್ಪತ್ರೆಯ ವಿದ್ಯುತ್ ವಿಭಾಗ, ಇವಕ್ಕೆಲ್ಲ ನನ್ನ ಮೊದಲ ಸಲಹೆ ಐಟಿಐ ಹುಡುಗನೇ. ಫಿಟ್ಟರ್, ಎಲೆಕ್ಟ್ರಿಷಿಯನ್ ಎರಡು ವರ್ಷದ ಓದು, ವೆಲ್ಡರ್, ಡೀಸೆಲ್ ಮೆಕ್ಯಾನಿಕ್ ಒಂದು ವರ್ಷದ್ದು. ಫೈಲ್ ಹಿಡಿಯುವುದು, ಮೀಟರ್ ನೋಡುವುದು, ಸುರಕ್ಷತೆಯ ಕನಿಷ್ಠ ಪಾಠ ಅಲ್ಲಿ ಆಗಿರುತ್ತದೆ. ನಿಮ್ಮಲ್ಲಿ ಒಂದು ವರ್ಷ ಕಳೆದು ಪರೀಕ್ಷೆ ಬರೆದರೆ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರಮಾಣಪತ್ರ ಸಿಗುತ್ತದೆ. ರೈಲ್ವೆ, ಸಾರಿಗೆ ನಿಗಮದ ಕನಸು ಕಾಣುವ ಹುಡುಗರಿಗೆ ಆ ಕಾಗದದ ಬೆಲೆ ಚೆನ್ನಾಗಿ ಗೊತ್ತು. ವರ್ಷ ಪೂರ್ತಿ ನಿಲ್ಲಲಿಕ್ಕೆ ಅದೇ ದೊಡ್ಡ ಕಾರಣ.

ಕೊರತೆಯೂ ಹೇಳಬೇಕು. ಕೆಲವು ಐಟಿಐಗಳಲ್ಲಿ ಯಂತ್ರ ಹಳೆಯದು, ಕೆಲವು ಕಡೆ ಹಾಜರಿ ಪುಸ್ತಕದಲ್ಲಿ ಮಾತ್ರ ಪಾಠ. ರಾಜ್ಯ ಸರ್ಕಾರ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಮೇಲ್ದರ್ಜೆಗೇರಿಸಿದ ಮೇಲೆ ಹೊಸ ಯಂತ್ರ ನೋಡಿದ ಹುಡುಗರೂ ಸಿಗುತ್ತಿದ್ದಾರೆ. ಆದರೂ ಅಂಕಪಟ್ಟಿ ನೋಡಿ ಆರಿಸಬೇಡಿ. ಒಂದು ತುಂಡು ಪ್ಲೇಟು ಕೊಟ್ಟು ಒಂದು ಗೆರೆ ಬೆಸುಗೆ ಹಾಕಿಸಿ, ಒಂದು ಸ್ಟಾರ್ಟರ್ ಬಿಚ್ಚಿಸಿ ಜೋಡಿಸಲು ಹೇಳಿ. ಚೆನ್ನಾಗಿ ಬರುವುದು ಮುಖ್ಯವಲ್ಲ. ಮುಖಕ್ಕೆ ಶೀಲ್ಡ್ ಹಾಕಿಕೊಂಡನೋ, ಮೇನ್ ಸ್ವಿಚ್ ಆಫ್ ಮಾಡಿದನೋ ನೋಡಿ. ಹದಿನೈದು ನಿಮಿಷದ ಕೆಲಸ, ಹತ್ತು ಸಂದರ್ಶನಕ್ಕೆ ಸಮ.

ಇದಕ್ಕಿಂತ ಒಳ್ಳೆಯ ಉಪಾಯವೊಂದಿದೆ, ಸಣ್ಣವರು ಯಾರೂ ಬಳಸುವುದಿಲ್ಲ. ಐಟಿಐ ವಿದ್ಯಾರ್ಥಿಗಳಿಗೆ ಈಗ ವರ್ಷಕ್ಕೆ 150 ತಾಸಿನ ಉದ್ಯೋಗಸ್ಥಳ ತರಬೇತಿ ಅಥವಾ ಗುಂಪು ಪ್ರಾಜೆಕ್ಟ್ ಇದೆ. ಪ್ರಾಂಶುಪಾಲರಿಗೆ ಒಂದು ಪತ್ರ ಕೊಟ್ಟು ಇಬ್ಬರು ಮೂವರನ್ನು ನಿಮ್ಮಲ್ಲಿಗೆ ಕರೆಸಿಕೊಳ್ಳಿ. ಎಂಟು ತಾಸಿನ ಲೆಕ್ಕಕ್ಕೆ ಸುಮಾರು ಹತ್ತೊಂಬತ್ತು ದಿನ. ಅಷ್ಟರಲ್ಲಿ ಯಾರು ಬೆಳಿಗ್ಗೆ ಒಂಬತ್ತಕ್ಕೆ ಬರುತ್ತಾನೆ, ಯಾರು ಮೊಬೈಲ್ ಬಿಡುವುದಿಲ್ಲ, ಯಾರ ಕೈ ಓಡುತ್ತದೆ, ನಿಮ್ಮ ಮಿಸ್ತ್ರಿಗೆ ಯಾರು ಹೊಂದುತ್ತಾರೆ, ಎಲ್ಲ ಗೊತ್ತಾಗುತ್ತದೆ. ಮುಂದಿನ ವರ್ಷ ಅವರಲ್ಲೊಬ್ಬನನ್ನು ಅಪ್ರೆಂಟಿಸ್ ಮಾಡಿಕೊಳ್ಳಿ. ಮದುವೆಗೆ ಮುಂಚೆ ಮನೆ ನೋಡಿಕೊಂಡು ಬಂದ ಹಾಗೆ.

ಹತ್ತನೇ ಪಾಸಾದ ಹೊಸಬರು

ಐಟಿಐಯಲ್ಲಿ ಕಲಿಸದ ಕೆಲಸ ನಿಮ್ಮದಾಗಿದ್ದರೆ ಈ ದಾರಿ. ನಮ್ಮ ತೊಗರಿ ಬೇಳೆ ಮಿಲ್ಲುಗಳನ್ನೇ ನೋಡಿ. 2019ರಲ್ಲಿ ಕಲಬುರಗಿ ತೊಗರಿ ಬೇಳೆಗೆ ಭೌಗೋಳಿಕ ಗುರುತು ಸಿಕ್ಕಿತು, ಹೆಸರು ಬಂತು. ಆದರೆ ಕಾಳಿಗೆ ಎಣ್ಣೆ ಹಿಡಿಸುವ ಹದ, ಅಂಗಳದಲ್ಲಿ ಒಣಗುವ ಹದ, ರೋಲಿನ ಸಂದು ಎಷ್ಟು ಬಿಗಿ ಮಾಡಿದರೆ ನುಚ್ಚು ಬೀಳದೆ ಸಿಪ್ಪೆ ಬಿಡುತ್ತದೆ, ಬಣ್ಣ ನೋಡಿ ಕಾಳು ಬೇರೆ ಮಾಡುವ ಸಾರ್ಟೆಕ್ಸ್ ಯಂತ್ರವನ್ನು ಯಾವ ಲಾಟಿಗೆ ಹೇಗೆ ಹೊಂದಿಸಬೇಕು, ಇದಕ್ಕೆ ಯಾವ ಐಟಿಐ ಟ್ರೇಡ್ ಇದೆ? ಇಂಥ ಕೆಲಸಕ್ಕೆ ಕಾಯ್ದೆಯಲ್ಲಿ ಐಚ್ಛಿಕ ಟ್ರೇಡ್ ಎಂಬ ಅವಕಾಶ ಇದೆ. ಕೋರ್ಸ್ ಏನಿರಬೇಕೆಂದು ಮಾಲೀಕನೇ ಬರೆಯಬಹುದು. ಅವಧಿ ಆರು ತಿಂಗಳಿನಿಂದ ಮೂರು ವರ್ಷದ ತನಕ.

ಇಲ್ಲಿ ಲಾಭ ಏನೆಂದರೆ ಹುಡುಗ ನಿಲ್ಲುತ್ತಾನೆ. ಆಳಂದ, ಕಮಲಾಪುರ, ಶಹಾಬಾದ್ ಕಡೆಯ ಹಳ್ಳಿಯಿಂದ ದಿನವೂ ಬಸ್ಸಿಗೆ ಬಂದು ಹೋಗುವವನಿಗೆ ಊರು ಬಿಡುವ ಅವಸರ ಕಡಿಮೆ. ಮನೆಯಲ್ಲಿ ಎರಡೆಕರೆ ಹೊಲ, ಅಮ್ಮ ಒಬ್ಬಳೇ. ನಷ್ಟ ಏನೆಂದರೆ ಮೊದಲ ಮೂರು ನಾಲ್ಕು ತಿಂಗಳು ಶುದ್ಧ ಖರ್ಚು, ಏನೂ ಗೊತ್ತಿರುವುದಿಲ್ಲ. ಫಿಟ್ಟರಿನಂಥ ಸರ್ಕಾರ ಗೊತ್ತುಮಾಡಿದ ಟ್ರೇಡಿಗೆ ಹೊಸಬನನ್ನು ತೆಗೆದುಕೊಂಡರಂತೂ ಮೂಲ ತರಬೇತಿ ಬೇರೆಯಾಗಿ ಆಗಬೇಕು, ಅದಕ್ಕೆ ಕೇಂದ್ರ ಹುಡುಕಬೇಕು. ಸಣ್ಣವರಿಗೆ ಅದು ತಲೆನೋವು. ಐಚ್ಛಿಕ ಟ್ರೇಡಾದರೆ ಮಾತ್ರ ಹೊಸಬ, ಇಲ್ಲದಿದ್ದರೆ ಐಟಿಐ, ಇಷ್ಟು ನೆನಪಿಟ್ಟರೆ ಸಾಕು.

ದಾಲ್ ಮಿಲ್ಲಿನವರು ಕಾಲ ನೋಡಿಕೊಳ್ಳಬೇಕು. ಹೊಸ ತೊಗರಿ ಡಿಸೆಂಬರ್, ಜನವರಿಯಲ್ಲಿ ಬಜಾರಿಗೆ ಬರುತ್ತದೆ. ಆ ಭರಾಟೆಯಲ್ಲಿ ಹುಡುಗನನ್ನು ತೆಗೆದುಕೊಂಡರೆ ಕಲಿಸುವ ಪುರಸೊತ್ತು ಯಾರಿಗೂ ಇಲ್ಲ, ಚೀಲ ಹೊರುವುದೇ ಅವನ ಪಾಠ. ಸೆಪ್ಟೆಂಬರಿನಲ್ಲಿ ಸೇರಿಸಿಕೊಳ್ಳಿ. ಖಾಲಿ ಯಂತ್ರ ಬಿಚ್ಚಿ ತೋರಿಸಲು ಅದೇ ಸಮಯ.

ಉಸ್ತಾದ್ ಪದ್ಧತಿ

ಕಾಗದ ಇಲ್ಲ, ಪೋರ್ಟಲ್ ಇಲ್ಲ. ಅಪ್ಪ ಮಗನನ್ನು ಕರೆದುಕೊಂಡು ಬಂದು "ಕೆಲಸ ಕಲಸ್ರಿ ಉಸ್ತಾದ್, ರೊಕ್ಕ ನೀವೇನ್ ಕೊಡ್ತೀರಿ ಕೊಡ್ರಿ" ಅಂದು ಹೋಗುವುದು. ನಮ್ಮ ಗ್ಯಾರೇಜು, ಟೇಲರ್ ಅಂಗಡಿ, ಬಡಗಿ ಕೆಲಸ ಇವತ್ತಿಗೂ ನಡೆದಿರುವುದು ಹೀಗೇ. ಇದನ್ನು ಹೀಗಳೆಯಲು ನನ್ನಿಂದ ಆಗದು. ಬೀದರಿನ ಬಿದ್ರಿ ಕೆಲಸ ಉಳಿದದ್ದೇ ಉಸ್ತಾದ್ ಶಾಗಿರ್ದರಿಂದ, ಅಂದರೆ ಗುರು ಶಿಷ್ಯರಿಂದ. ಸತು, ತಾಮ್ರ ಬೆರೆಸಿ ಎರಕ ಹೊಯ್ಯುವುದು, ಮೇಲೆ ಕೆತ್ತುವುದು, ಬೆಳ್ಳಿ ತಂತಿ ಕೂರಿಸುವುದು, ಕೊನೆಗೆ ಕೋಟೆಯ ಹಳೆ ಮಣ್ಣಿನಿಂದ ಕಪ್ಪು ಬಣ್ಣ ಹಿಡಿಸುವುದು. ಆ ಮಣ್ಣು ಸರಿಯೋ ಅಲ್ಲವೋ ಅಂತ ನಾಲಿಗೆಗೆ ಹಚ್ಚಿ ನೋಡುವುದನ್ನು ಯಾವ ಪಠ್ಯಕ್ರಮದಲ್ಲಿ ಬರೆಯುತ್ತೀರಿ?

ಆದರೆ ಎರಡು ವಿಷಯದಲ್ಲಿ ನಾನು ಬಗ್ಗುವುದಿಲ್ಲ. ಹದಿನಾಲ್ಕು ತುಂಬದ ಮಗು ಅಂಗಡಿಯಲ್ಲಿ ಇರಬಾರದು, ಕಲಿಯಲಿಕ್ಕೆ ಅಂದರೂ ಸರಿ. ಹದಿನಾಲ್ಕರಿಂದ ಹದಿನೆಂಟರ ನಡುವಿನವರನ್ನು ಅಪಾಯಕಾರಿ ಕೆಲಸಕ್ಕೆ ಹಚ್ಚಬಾರದು. ಕೆಲವು ವರ್ಷಗಳ ಹಿಂದೆ ನನಗೆ ಪರಿಚಯದ ಒಂದು ಗ್ಯಾರೇಜಿನಲ್ಲಿ ಹದಿನಾರರ ಹುಡುಗ ಬಿಸಿ ರೇಡಿಯೇಟರಿನ ಮುಚ್ಚಳ ತೆಗೆದ. ಕುದಿಯುವ ನೀರು ಮುಂಗೈಯಿಂದ ಭುಜದ ತನಕ. ಕರಾರು ಇಲ್ಲ, ವಿಮೆ ಇಲ್ಲ, ಹಾಜರಿಯಲ್ಲಿ ಹೆಸರೇ ಇಲ್ಲ. ಉಸ್ತಾದ್ ಒಳ್ಳೆಯವರು, ಬೈಕ್ ಮಾರಿ ಆಸ್ಪತ್ರೆ ಖರ್ಚು ಕೊಟ್ಟರು. ಒಳ್ಳೆಯವರಲ್ಲದಿದ್ದರೆ?

ಮೂವರೇ ಇರುವ ಅಂಗಡಿಗೆ ಬೇರೆ ದಾರಿ ಇಲ್ಲವಲ್ಲ ಅಂತೀರಿ. ನಿಜ. ಹಾಗಿದ್ದರೆ ಹದಿನೆಂಟು ತುಂಬಿದವನನ್ನು ಇಟ್ಟುಕೊಳ್ಳಿ. ಅಪ್ರೆಂಟಿಸ್ ಅನ್ನಬೇಡಿ, ಸಹಾಯಕ ಅನ್ನಿ, ಸಹಾಯಕನ ಕನಿಷ್ಠ ಕೂಲಿ ಕೊಡಿ, ವಿಮೆ ಮಾಡಿಸಿ. ಕಾಗದದ ಮೇಲೆ ಅಪ್ರೆಂಟಿಸ್ ಅಲ್ಲದವನಿಗೆ ಅಪ್ರೆಂಟಿಸ್ ಭತ್ಯೆ ಕೊಟ್ಟರೆ ಅದು ಕನಿಷ್ಠ ಕೂಲಿಯ ಉಲ್ಲಂಘನೆ ಆಗುತ್ತದೆ. ಇದು ಎಷ್ಟೋ ಮಂದಿಗೆ ನೋಟಿಸ್ ಬಂದ ಮೇಲೇ ಗೊತ್ತಾಗುವುದು.

ಮಧ್ಯವರ್ತಿ ಸಂಸ್ಥೆಗಳು

ಪೋರ್ಟಲ್ ನೋಂದಣಿ, ಹುಡುಗರನ್ನು ಹುಡುಕುವುದು, ತಿಂಗಳ ವರದಿ ಎಲ್ಲ ತಾವೇ ಮಾಡಿಕೊಡುವ ಸಂಸ್ಥೆಗಳಿವೆ. ಸರ್ಕಾರದ ಭಾಷೆಯಲ್ಲಿ ಥರ್ಡ್ ಪಾರ್ಟಿ ಅಗ್ರಿಗೇಟರ್. ತಲೆಗಿಷ್ಟು ಅಂತ ಶುಲ್ಕ. ಹತ್ತಾರು ಊರಲ್ಲಿ ಶಾಖೆ ಇರುವ ಅಂಗಡಿ ಸರಣಿಗೆ, ಗೋದಾಮಿನವರಿಗೆ ಇದು ಅನುಕೂಲ. ಒಬ್ಬಿಬ್ಬರನ್ನು ಇಟ್ಟುಕೊಳ್ಳುವ ಮಿಲ್ಲಿಗೆ ಬೇಡ. ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ ಇರುವ ಹುಡುಗ, ಕಂಪ್ಯೂಟರ್ ಬಲ್ಲ ಒಬ್ಬ ಗುಮಾಸ್ತ ಇದ್ದರೆ ಒಂದು ಮಧ್ಯಾಹ್ನದ ಕೆಲಸ. ಕೆಲವರು ಲೇಬರ್ ಕಂತ್ರಾಟನ್ನೇ ಅಪ್ರೆಂಟಿಸ್ ಹೆಸರಿನಲ್ಲಿ ಮಾರುತ್ತಾರೆ, "ಪಿಎಫ್ ಉಳೀತದ ನೋಡ್ರಿ" ಅಂತ. ಅಂಥವರಿಗೆ ಚಹಾ ಕೊಟ್ಟು ಕಳಿಸಿ.

ದೊಡ್ಡವರ ಲೆಕ್ಕವೇ ಬೇರೆ

ವಾಡಿ, ಸೇಡಂ, ಚಿತ್ತಾಪುರ, ಮಳಖೇಡದ ಸಿಮೆಂಟ್ ಕಾರ್ಖಾನೆಗಳಿಗೆ, ಯಾದಗಿರಿಯ ಕಡೇಚೂರಿನ, ಬೀದರಿನ ಕೊಳಾರದ ದೊಡ್ಡ ಘಟಕಗಳಿಗೆ ಇಡಬೇಕೋ ಬೇಡವೋ ಎಂಬ ಪ್ರಶ್ನೆ ಇಲ್ಲ, ಎಷ್ಟು ಮತ್ತು ಹೇಗೆ ಎಂಬುದಷ್ಟೇ. ಅಲ್ಲಿ ನಾನು ಕಂಡ ಮೊದಲ ತಪ್ಪು ಎಣಿಕೆಯದು. ಪರ್ಮನೆಂಟ್ 300, ಕಂತ್ರಾಟು 700 ಇದ್ದರೆ ಲೆಕ್ಕ ಸಾವಿರಕ್ಕೆ. ಕನಿಷ್ಠ 25 ಮಂದಿ ಬೇಕು, ಏಳೆಂಟಲ್ಲ.

ಎರಡನೇ ತಪ್ಪು, ಎಲ್ಲರನ್ನೂ ಒಂದೇ ಬಗೆಯವರನ್ನು ತೆಗೆದುಕೊಳ್ಳುವುದು. 25 ಜನರಲ್ಲಿ ಹದಿನೈದು ಐಟಿಐ, ಆರು ಡಿಪ್ಲೊಮಾ, ಮಿಕ್ಕವರು ಪದವೀಧರರು, ಹೀಗೆ ಹಂಚಿದರೆ ಫಿಟ್ಟರ್ ಅಂಗಳ, ಕಂಟ್ರೋಲ್ ರೂಮ್, ಲ್ಯಾಬ್, ಲೆಕ್ಕಪತ್ರ ಎಲ್ಲಕ್ಕೂ ಜನ ಸಿಗುತ್ತಾರೆ. ಭತ್ಯೆಗೆ ಕನಿಷ್ಠವೇ ಗರಿಷ್ಠ ಅಂತ ಎಲ್ಲೂ ಬರೆದಿಲ್ಲ. ಕಾರ್ಖಾನೆ ಊರಿನಿಂದ ಮೂವತ್ತು ಕಿಲೋಮೀಟರ್ ದೂರ ಇದ್ದರೆ ಬಸ್ಸು, ಕ್ಯಾಂಟೀನ್ ಊಟ ಕೊಡಿ. ಏಳು ಸಾವಿರದಲ್ಲಿ ಕೋಣೆ ಬಾಡಿಗೆ, ಊಟ ಹೋದರೆ ಮೇ ತಿಂಗಳ ಬಿಸಿಲಿನಲ್ಲಿ ಕ್ಲಿಂಕರ್ ಧೂಳು ಕುಡಿಯಲು ಯಾರು ಉಳಿಯುತ್ತಾರೆ?

ಕಿಲ್ನ್, ಅಂದರೆ ಸಿಮೆಂಟಿನ ದೊಡ್ಡ ಕುಲುಮೆ, ನಿಲ್ಲಿಸಿ ದುರಸ್ತಿ ಮಾಡುವ ಶಟ್‌ಡೌನ್ ದಿನಗಳು ಅಪ್ರೆಂಟಿಸರಿಗೆ ಚಿನ್ನದಂಥ ಕಾಲ. ವರ್ಷವಿಡೀ ಮುಚ್ಚಿದ್ದ ಯಂತ್ರದ ಹೊಟ್ಟೆ ಆಗ ತೆರೆದಿರುತ್ತದೆ. ಅವರನ್ನು ಆಗ ಇಟ್ಟಿಗೆ ಹೊರುವ ಗ್ಯಾಂಗಿಗೆ ಹಾಕಿದ್ದನ್ನೂ ನೋಡಿದ್ದೇನೆ, ಗೇರ್‌ಬಾಕ್ಸ್ ಪಕ್ಕ ನಿಲ್ಲಿಸಿ ಪಾಠ ಹೇಳಿದ್ದನ್ನೂ ನೋಡಿದ್ದೇನೆ. ಎರಡನೆಯದನ್ನು ಮಾಡಿದ ಫೋರ್‌ಮನ್ ಕೈಕೆಳಗಿನ ಹುಡುಗರು ಇವತ್ತು ಎಲ್ಲೆಲ್ಲಿದ್ದಾರೆ ಅಂತ ಕೇಳಿದರೆ ಅರ್ಧ ಪ್ರಪಂಚ ಸುತ್ತಬೇಕು.

ಐಟಿಐ ಜೊತೆ ಒಡಂಬಡಿಕೆ ಮಾಡಿಕೊಂಡು ವಿದ್ಯಾರ್ಥಿ ಇರುವಾಗಲೇ ಕೋರ್ಸಿನ ಒಂದು ಭಾಗವನ್ನು ಕಾರ್ಖಾನೆಯಲ್ಲಿ ಕಲಿಸುವ ದ್ವಂದ್ವ ತರಬೇತಿ ಪದ್ಧತಿಯೂ ಇದೆ. ತರಬೇತಿಗೆಂದೇ ಒಬ್ಬ ಮನುಷ್ಯನನ್ನು ಕೂರಿಸಬಲ್ಲ ದೊಡ್ಡವರಿಗೆ ಇದು ಒಳ್ಳೆಯದು. ಪಿಎಂ ಇಂಟರ್ನ್‌ಶಿಪ್ ಇದಕ್ಕೆ ಬದಲಲ್ಲ. ಅದು 21ರಿಂದ 24 ವಯಸ್ಸಿನವರಿಗೆ, ದೇಶದ ಅಗ್ರ 500 ಕಂಪನಿಗಳಿಗೆ ಅಂತ 2024ರಲ್ಲಿ ಬಂದದ್ದು, ಕೈಕೆಲಸದ ಪ್ರಮಾಣಪತ್ರ ಅದರಲ್ಲಿ ಇಲ್ಲ.

ಇನ್ನೊಂದು ಅವಕಾಶ ಕಾಯ್ದೆಯಲ್ಲಿ ಇದೆ, ನಮ್ಮ ಕಡೆ ಯಾರೂ ಮುಟ್ಟಿಲ್ಲ: ಹಲವು ಮಾಲೀಕರು ಸೇರಿ ಅಪ್ರೆಂಟಿಸ್‌ಗಳನ್ನು ತಮ್ಮ ತಮ್ಮ ಘಟಕಗಳ ನಡುವೆ ತಿರುಗಿಸಿ ಕಲಿಸಬಹುದು. ಕಪನೂರಿನಲ್ಲಿ ಒಂದು ಲೇತ್ ಅಂಗಡಿ, ಒಂದು ಫ್ಯಾಬ್ರಿಕೇಷನ್, ಒಂದು ಮೋಟಾರ್ ವೈಂಡಿಂಗ್ ಅಕ್ಕಪಕ್ಕದಲ್ಲೇ ಇವೆ. ನಾಲ್ಕು ತಿಂಗಳು ಇಲ್ಲಿ, ನಾಲ್ಕು ತಿಂಗಳು ಅಲ್ಲಿ. ಮಾಲೀಕರು ಒಬ್ಬರನ್ನೊಬ್ಬರು ನಂಬಬೇಕು, ಅಷ್ಟೇ ತೊಡಕು. ಅದು ಸಣ್ಣ ತೊಡಕಲ್ಲ ಅಂತ ಗೊತ್ತು.

ಒಳಗೆ ಬಂದ ಮೇಲೆ

ಕರಾರಿಗೆ ಹುಡುಗ ಅಪ್ರಾಪ್ತನಾದರೆ ತಂದೆ ಅಥವಾ ಪೋಷಕರ ಸಹಿ ಬೇಕು. ಪೋರ್ಟಲ್ಲಿನಲ್ಲಿ ಕರಾರು ನೋಂದಣಿಯಾಗುವ ತನಕ ಕೆಲಸಕ್ಕೆ ಹಚ್ಚಬೇಡಿ. ಭತ್ಯೆಯ ನಿಮ್ಮ ಪಾಲನ್ನು ಬ್ಯಾಂಕಿನ ಮೂಲಕವೇ ಕೊಡಿ, ಕೈಗೆ ಕೊಟ್ಟದ್ದಕ್ಕೆ ಸಾಕ್ಷಿ ಇಲ್ಲ.

ಇನ್ನು, ಇನ್ನೂರು ಪುಟದ ಒಂದು ನೋಟ್‌ಬುಕ್ ಕೊಡಿಸಿ. ದಿನದ ಕೊನೆಗೆ ಹುಡುಗ ಮೂರು ಸಾಲು ಬರೆಯಬೇಕು: ಏನು ಮಾಡಿದೆ, ಏನು ಕೆಟ್ಟಿತು, ಏನು ತಿಳಿಯಲಿಲ್ಲ. ಶನಿವಾರ ಮಿಸ್ತ್ರಿ ಅದನ್ನು ನೋಡಿ ಸಹಿ ಹಾಕಬೇಕು, ಓದಲು ಬಾರದಿದ್ದರೆ ಹುಡುಗನೇ ಓದಿ ಹೇಳಲಿ. ಒಂದು ಮಿಲ್ಲಿನಲ್ಲಿ ಸತತ ಐದು ವಾರ "ಕಸ ಹೊಡೆದೆ, ಚೀಲ ಹೊಲಿದೆ" ಅಂತಲೇ ಬರೆದಿತ್ತು. ಮಾಲೀಕರು ಓದಿ ತಲೆ ತಗ್ಗಿಸಿದರು, ಆರನೇ ವಾರ ಹುಡುಗ ಎಲಿವೇಟರಿನ ಬೇರಿಂಗ್ ಬದಲಿಸಿದ್ದ.

ಕಪನೂರಿನ ಮಾಲೀಕರ ಕಥೆ ಏನಾಯಿತು ಅಂದರೆ: ಅವರಲ್ಲಿ 14 ಮಂದಿ, ಶೇ 15ರ ಲೆಕ್ಕಕ್ಕೆ ಇಬ್ಬರಿಗೆ ಜಾಗ ಇತ್ತು. ಮಿಸ್ತ್ರಿಯನ್ನು ಕರೆಸಿ, ದಿನಕ್ಕೆ ಎರಡು ತಾಸು ಎಷ್ಟು ಜನಕ್ಕೆ ಕೊಡಬಲ್ಲೆ ಅಂತ ಕೇಳಿದೆವು. "ಒಬ್ಬಂವಗ ಕೊಡ್ತೀನ್ರಿ, ಇಬ್ರಾದ್ರ ಜಾಬ್ ನಿಂದರ್ತಾವ" ಅಂದ. ಐಟಿಐ ವೆಲ್ಡರ್ ಹುಡುಗ ಒಂದು ಗೆರೆ ಬೆಸುಗೆ ಹಾಕಿ ತೋರಿಸಿದ, ಗೆರೆ ಸೊಟ್ಟ, ಶೀಲ್ಡ್ ಮಾತ್ರ ಮೊದಲೇ ಮುಖದ ಮೇಲಿತ್ತು. ಅವನನ್ನೇ ಇಟ್ಟುಕೊಂಡರು. ಡಿಪ್ಲೊಮಾ ಹುಡುಗನ ಅರ್ಜಿಯನ್ನು ನಾನು ನ್ಯಾಟ್ಸ್ ಮೂಲಕ ಒಂದು ದೊಡ್ಡ ಕಾರ್ಖಾನೆಗೆ ಹಾಕಿಸಿದೆ. ಮಿಸ್ತ್ರಿಯ ಅಕ್ಕನ ಮಗನಿಗೆ ಇನ್ನೂ ಹದಿನಾರು. ಎಸ್‌ಎಸ್‌ಎಲ್‌ಸಿ ಮುಂದಿನ ಪರೀಕ್ಷೆಯ ಶುಲ್ಕ ಮಾಲೀಕರೇ ಕಟ್ಟಿದರು, ಎರಡು ವಿಷಯ ಬಾಕಿ, ಗಣಿತ ಮತ್ತು ಇಂಗ್ಲಿಷ್. ಪೊರಕೆಯನ್ನು ಅವನ ಕೈಯಿಂದ ಇಸಿದುಕೊಂಡವರು ಅವನ ಸೋದರಮಾವನೇ.